ಇಳಿಜಾರೇ ಮಂಡಿಗೆ ಪರೀಕ್ಷೆ

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳಲ್ಲಿ ಸಮತಟ್ಟಾದ ನೆಲವೆಂದರೆ ಹೆಚ್ಚಾಗಿ ಹಣ್ಣು ಒಣಗಿಸುವ ಕಣವೊಂದೇ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಇಬ್ಬನಿಗೆ ನೆನೆದ ತರಗೆಲೆಯ ಮೇಲೆ ಚೀಲ ಹೊತ್ತು ಇಳಿಯುವಾಗ ಪಾದ ಯಾವುದೋ ಬೇರಿನ ಸಂದಿಗೆ ಸಿಕ್ಕಿ ನಿಲ್ಲುತ್ತದೆ. ಮೈ ಮಾತ್ರ ಹೊರೆಯ ಸಮೇತ ಆಚೆ ತಿರುಗುತ್ತದೆ. ಮಂಡಿಯೊಳಗೆ 'ಟಕ್' ಎಂದಂತಾಗುತ್ತದೆ. ಆ ಕ್ಷಣಕ್ಕೆ ಅಂಥ ನೋವಿಲ್ಲದೆ ಸಂಜೆಯವರೆಗೂ ಕೊಯ್ದವರುಂಟು. ಮರುದಿನ ಬೆಳಿಗ್ಗೆ ಮಂಡಿ ಊದಿರುತ್ತದೆ, ಕುಕ್ಕುರುಗಾಲಿನಲ್ಲಿ ಕೂರಲು ಹೋದರೆ ಜೀವ ಹೋದಂತಾಗುತ್ತದೆ. "ಉಳುಕು ಕಣವ್ವ, ಎಣ್ಣೆ ಹಚ್ಚಿ ನೀವಿದ್ರೆ ಹೋಗುತ್ತೆ" ಎನ್ನುತ್ತಾರೆ ಲೈನ್ ಮನೆಯ ಹಿರಿಯರು. ಹಲವು ತೋಟಗಳಲ್ಲಿ ಕೊಯ್ಲಿನ ಕೂಲಿ ಹಣ್ಣಿನ ತೂಕದ ಮೇಲೆ. ಮಲಗಿದವರಿಗೆ ತೂಕವಿಲ್ಲ. ಹಾಗಾಗಿ ಮಂಡಿಗೊಂದು ಬಟ್ಟೆ ಬಿಗಿದು ಮತ್ತೆ ತೋಟಕ್ಕೆ.

ಉಳುಕೇ ಆಗಿದ್ದರೆ ಹೋಗುತ್ತದೆ, ಸರಿ. ಆದರೆ ಹೀಗೆ ತಿರುಚಿದಾಗ ಅನೇಕ ಸಲ ಹರಿಯುವುದು ಮಂಡಿಯೊಳಗಿನ ಮೃದ್ವಸ್ಥಿ. ತೊಡೆಯೆಲುಬಿನ ದುಂಡು ತುದಿ ಕೆಳಗಿನ ಎಲುಬಿನ ಚಪ್ಪಟೆ ತಲೆಯ ಮೇಲೆ ಕೂರಬೇಕು. ದುಂಡು ಕೊಡವನ್ನು ತಲೆಯ ಮೇಲೆ ಕೂರಿಸಲು ಹೆಂಗಸರು ಸಿಂಬಿ ಇಡುತ್ತಾರಲ್ಲ, ಪ್ರಕೃತಿಯೂ ಇಲ್ಲಿ ಅದನ್ನೇ ಮಾಡಿದೆ. ಪ್ರತಿ ಮಂಡಿಯಲ್ಲಿ ಎರಡು ಸಿಂಬಿಗಳು, ಪೂರ್ತಿ ಬಳೆಯಲ್ಲ, ಅರ್ಧಚಂದ್ರದಂಥವು. ವೈದ್ಯರು ಮೆನಿಸ್ಕಸ್ ಎನ್ನುವುದು ಇವನ್ನೇ. ಎಲುಬಿನ ತುದಿಗಳಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿ ಬೇರೆ. ಸಿಂಬಿ ಕೆಟ್ಟರೆ ಮುಂದೆ ಸವೆಯುವುದು ಅದು.

ಇವುಗಳ ದೊಡ್ಡ ಕೊರತೆ ರಕ್ತದ್ದು. ಎಲುಬಿನ ತುದಿಯ ಮೃದ್ವಸ್ಥಿಯಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಬೆಳೆದವರ ಮೆನಿಸ್ಕಸ್ಸಿನಲ್ಲಿ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ. ಅಲ್ಲಿ ಹರಿದರೆ ಕೂಡಿಕೊಳ್ಳುವ ಆಸೆಯುಂಟು, ಒಳ ಅಂಚಿನಲ್ಲಾದರೆ ಬಹಳ ಕಡಿಮೆ. ಹಾಗಾದರೆ ರಕ್ತವಿಲ್ಲದ ಆ ಭಾಗ ಬದುಕುವುದು ಹೇಗೆ? ಕೀಲಿನೊಳಗಿನ ರಸದಿಂದ. ಒದ್ದೆ ಸ್ಪಂಜನ್ನು ಹಿಂಡಿದರೆ ನೀರು ಹೊರಬರುತ್ತದೆ, ಬಿಟ್ಟರೆ ಹೀರಿಕೊಳ್ಳುತ್ತದೆ. ಹೆಜ್ಜೆ ಊರಿ ಎತ್ತುವಾಗ ಮಂಡಿಯೊಳಗೆ ನಡೆಯುವುದೂ ಇದೇ. ಚಲನೆಯೇ ಅದರ ಊಟ. ಆದ್ದರಿಂದ ಮೊದಲ ಕೆಲವು ದಿನ ಊತ ಇಳಿಯಲು ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕಾಲಡಿ ದಿಂಬು ಇವೆಲ್ಲ ಸರಿ. ತಿಂಗಳುಗಟ್ಟಲೆ ಕಾಲು ನೀಡಿ ಮಲಗುವುದು ಮಾತ್ರ ಮಂಡಿಯನ್ನು ಉಪವಾಸ ಕೆಡವಿದಂತೆ.

ಇನ್ನೊಂದು ಸಂಗತಿಯುಂಟು. ಮಂಡಿ ಊದಿದೊಡನೆ ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳ ಮೂಲಕ 'ಕೆಲಸ ನಿಲ್ಲಿಸು' ಎಂಬ ಸೂಚನೆ ಹೋಗುತ್ತದೆ. ಎರಡೇ ವಾರಗಳಲ್ಲಿ ಆ ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿರುವುದು ಕಣ್ಣಿಗೇ ಕಂಡೀತು. ಇಳಿಯುವಾಗ ಮೈಭಾರವನ್ನು ಹಿಡಿದು ಮೆಲ್ಲನೆ ಬಿಡುವ ಬ್ರೇಕು ಇದೇ ಸ್ನಾಯು. ಬರ್ಲಿನ್ನಿನ ಸಂಶೋಧಕರು ಐವರು ರೋಗಿಗಳ ಕೃತಕ ಮಂಡಿಯೊಳಗೇ ಅಳತೆಯ ಸಾಧನ ಇಟ್ಟು 2010ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಮೈತೂಕದ ಸುಮಾರು 2.6 ಪಟ್ಟು ಒತ್ತಡ, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ 3.5 ಪಟ್ಟು. 50 ಕಿಲೋ ತೂಕದ ಹೆಂಗಸು ಬರಿಗೈಯಲ್ಲಿ ಇಳಿದರೂ ಮಂಡಿಗೆ 170 ಕಿಲೋ ದಾಟುತ್ತದೆ. ಚೀಲದ ಲೆಕ್ಕ ಓದುಗರೇ ಹಾಕಿಕೊಳ್ಳಲಿ. ಹತ್ತುವಾಗ ಏದುಸಿರು ಬರುವುದರಿಂದ ಏರೇ ಕಷ್ಟ ಎಂದು ತಿಳಿಯುವುದು ವಾಡಿಕೆ. ಮಂಡಿಯ ಲೆಕ್ಕವೇ ಬೇರೆ.

ಔಷಧದಂಗಡಿಯಲ್ಲಿ ಸಿಗುವ ಎಲಾಸ್ಟಿಕ್ಕಿನ ನೀ ಕ್ಯಾಪ್ ಬಗ್ಗೆ ಎರಡು ಮಾತು. ಅದು ಬೆಚ್ಚಗಿಡುತ್ತದೆ, 'ಇಲ್ಲೊಂದು ಮಂಡಿಯಿದೆ, ಜೋಕೆ' ಎಂದು ನೆನಪಿಸುತ್ತದೆ. ಭಾರ ಹೊರುವುದಿಲ್ಲ. ಇಕ್ಕೆಲದಲ್ಲಿ ಲೋಹದ ಪಟ್ಟಿ, ನಡುವೆ ಬಾಗಿಲಿನಂಥ ಕೀಲು ಇರುವ ಬ್ರೇಸ್ ಬೇರೆ ಜಾತಿ. ಮೆನಿಸ್ಕಸ್ ಹೊಲಿದ ಮೇಲೆ ಸುಮಾರು ನಾಲ್ಕರಿಂದ ಆರು ವಾರ ಮಂಡಿ ಇಷ್ಟಕ್ಕಿಂತ ಮಡಿಸದಂತೆ ಅದರ ಕೀಲನ್ನು ಕಟ್ಟಿಹಾಕಬಹುದು. ಒಂದು ಪಕ್ಕ ಮಾತ್ರ ಸವೆದವರಿಗೆ ಭಾರವನ್ನು ಇನ್ನೊಂದು ಪಕ್ಕಕ್ಕೆ ತಳ್ಳುವ ಬ್ರೇಸೂ ಇದೆ. ಆದರೆ ಬ್ರೇಸ್ ಕಟ್ಟಿ ವ್ಯಾಯಾಮ ಬಿಟ್ಟವರ ತೊಡೆ ಒಳಗೊಳಗೇ ಸೊರಗುತ್ತದೆ. ನಿಜವಾದ ಬ್ರೇಸ್ ತೊಡೆಯ ಸ್ನಾಯುವೇ.

ಹಿಂದೆ ಹರಿದ ಮೆನಿಸ್ಕಸ್ಸನ್ನು ಪೂರ್ತಿ ತೆಗೆದುಬಿಡುತ್ತಿದ್ದರು. ಹಾಗೆ ತೆಗೆದ ಮಂಡಿಗಳು ಎಕ್ಸ್‌ರೇಯಲ್ಲಿ ಸವೆತದ ಗುರುತು ತೋರಿಸುವುದನ್ನು ಇಂಗ್ಲೆಂಡಿನ ಫೇರ್‌ಬ್ಯಾಂಕ್ 1948ರಲ್ಲಿ ಬರೆದರು. 1962ರಲ್ಲಿ ಜಪಾನಿನ ಮಸಾಕಿ ವಾತಾನಬೆ ಸಣ್ಣ ರಂಧ್ರದ ಮೂಲಕ ದೂರದರ್ಶಕದಂಥ ನಳಿಗೆ ತೂರಿಸಿ ಹರಿದ ಚೂರನ್ನಷ್ಟೇ ತೆಗೆದರು. ಅದು ಜಗತ್ತೆಲ್ಲ ಹಬ್ಬಿತು, ಬೇಕಾದವರಿಗೂ ಬೇಡದವರಿಗೂ. ಫಿನ್ಲೆಂಡಿನಲ್ಲಿ ವಯಸ್ಸಿನ ಸವೆತದಿಂದ ಮೆನಿಸ್ಕಸ್ ಹರಿದಿದ್ದ 146 ಜನರಲ್ಲಿ ಕೆಲವರಿಗೆ ನಿಜ ಶಸ್ತ್ರಕ್ರಿಯೆ, ಕೆಲವರಿಗೆ ಬರೀ ಶಸ್ತ್ರಕ್ರಿಯೆಯ ನಟನೆ ಮಾಡಿದರು. ವರ್ಷ ಕಳೆದ ಮೇಲೆ ಎರಡೂ ಗುಂಪಿನವರ ನೋವು ಒಂದೇ ಸಮ ಕಡಿಮೆಯಾಗಿತ್ತು. ಇದು ಪ್ರಕಟವಾದದ್ದು 2013ರಲ್ಲಿ. ಹಾಗೆಂದು ಶಸ್ತ್ರಕ್ರಿಯೆಯೇ ಬೇಡ ಎನ್ನುವಂತಿಲ್ಲ. ಚೂರು ಸಿಕ್ಕಿಹಾಕಿಕೊಂಡು ಮಂಡಿ ನೇರವಾಗದೆ ಬೀಗ ಬಿದ್ದಂತೆ ನಿಂತರೆ, ಎಳೆಯರಲ್ಲಿ ಹೊರ ಅಂಚು ಹರಿದಿದ್ದರೆ ತಡಮಾಡದೆ ಮೂಳೆ ವೈದ್ಯರನ್ನು ಕಾಣಬೇಕು. ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾದರೆ ಅಂದೇ ಹೋಗಬೇಕು.

ಪಕ್ಕದ ಕಾಫಿ ಸೀಮೆ ಕೊಡಗಿನವರು ಟೆನಿಸ್ ಆಟಗಾರ ರೋಹನ್ ಬೋಪಣ್ಣ. ತಂದೆ ಕಾಫಿ ಬೆಳೆಗಾರರು. ಮಂಡಿಗಳಲ್ಲಿ ಮೃದ್ವಸ್ಥಿಯೇ ಉಳಿದಿಲ್ಲವೆಂದು, ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗುತ್ತಿದ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. 2020ರ ಕೊರೋನಾ ಕಾಲದಲ್ಲಿ ಅವರು ಅಯ್ಯಂಗಾರ್ ಯೋಗ ಹಿಡಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ ಅದು. ಮರದ ಇಟ್ಟಿಗೆ, ಪಟ್ಟಿ, ಹಗ್ಗಗಳ ಆಸರೆಯಲ್ಲಿ ಒಂದೊಂದು ಆಸನದಲ್ಲೂ ಹೊತ್ತುಗಟ್ಟಲೆ ನಿಲ್ಲಿಸುತ್ತದೆ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಟದಿಂದ ನಿವೃತ್ತರಾದದ್ದು 2025ರ ನವೆಂಬರಿನಲ್ಲಿ. ಯೋಗದಿಂದ ಮೃದ್ವಸ್ಥಿ ಮತ್ತೆ ಬೆಳೆಯಿತೆಂದು ಯಾರೂ ತಿಳಿಯಬಾರದು. ಸವೆದದ್ದು ಹಾಗೆ ಬೆಳೆಯುವುದಿಲ್ಲ. ಸುತ್ತಲ ಸ್ನಾಯುಗಳು ಹೊರೆ ಹಂಚಿಕೊಳ್ಳಲು ಕಲಿತವು, ಅಷ್ಟೇ.

ಲೈನ್ ಮನೆಯ ಜಗಲಿಯಲ್ಲಿ ಅಂಥ ತರಬೇತಿಗೆ ಯಂತ್ರಗಳೇನೂ ಬೇಕಿಲ್ಲ. ಕಳಸದಿಂದ ಚಿಕ್ಕಮಗಳೂರಿನವರೆಗಿನ ತಿರುವುಗಳಲ್ಲಿ ಮಂಡಿ ಮಡಿಸಿ ಕೂತು ವಾರಕ್ಕೆ ಮೂರು ಸಲ ಹೋಗಿಬರುವುದು ಯಾರಿಂದ ಸಾಧ್ಯ? ಒಮ್ಮೆ ಹೋಗಿ ಫಿಸಿಯೋಥೆರಪಿಸ್ಟರಿಂದ ಸರಿಯಾಗಿ ಕಲಿತು ಬಂದರೆ ಉಳಿದದ್ದು ಮನೆಯಲ್ಲೇ ಆಗುತ್ತದೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ಲಿಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವುದು; ಅಂಗಾತ ಮಲಗಿ ನೇರ ಕಾಲನ್ನು ಒಂದಡಿ ಎತ್ತಿ ಹಿಡಿಯುವುದು; ನೋವು ತಗ್ಗಿದಂತೆ ಕುರ್ಚಿಯಿಂದ ಕೈ ಊರದೆ ಏಳುವುದು. ಶಸ್ತ್ರಕ್ರಿಯೆಯಿಲ್ಲದೆ ಗುಣವಾಗುವವರಿಗೂ ಇದು ಎರಡು ಮೂರು ತಿಂಗಳ ಕೆಲಸ. ಅಷ್ಟು ದಿನ ಕುಕ್ಕುರುಗಾಲು ಬೇಡ. ಚಕ್ಕಳಮಕ್ಕಳವೂ ಬೇಡ. ಕಕ್ಕಸಿಗೆ ಕಮೋಡ್ ಕುರ್ಚಿ ಇಡಬಹುದು. ಕೊಯ್ಲಿನ ಹೊತ್ತಿನಲ್ಲಿ ರೈಟರು ಅಂಥವರನ್ನು ಇಳಿಜಾರಿನಿಂದ ಕಣದ ಕೆಲಸಕ್ಕೆ ಹಾಕಿದರೆ ಕೂಲಿಯೂ ಉಳಿಯುತ್ತದೆ, ಮಂಡಿಯೂ.

ಕೊನೆಗೆ ಒಂದು ಗೇಣೆತ್ತರದ ಮೆಟ್ಟಿಲು. ಅದರ ಮೇಲೆ ನೋವಿನ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿ ಮತ್ತೆ ಎತ್ತಬೇಕು. ಮಂಡಿ ಒಳಕ್ಕೆ ವಾಲದೆ ಹತ್ತು ಸಲ ಆದರೆ, ಮರುದಿನ ಊತ ಬರದಿದ್ದರೆ, ಫಿಸಿಯೋಥೆರಪಿಸ್ಟರ ಒಪ್ಪಿಗೆ ಪಡೆದು ಇಳಿಜಾರಿಗೆ ಹೋಗಬಹುದು, ಮೊದಲ ವಾರ ಚೀಲವಿಲ್ಲದೆ. ಕೋಲು ನೋವಿಲ್ಲದ ಬದಿಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.