ಆಪತ್ಕಾಲದ ಬುತ್ತಿ

ಪಾಠದಲ್ಲಿ ಓದಿದ ಸಹ್ಯಾದ್ರಿಯನ್ನು ವಿದ್ಯಾರ್ಥಿಯು ಸ್ವತಃ ಏರಿ ನೋಡುವುದು ಶಿಕ್ಷಣದ ಒಂದು ಅಂಗವೇ ಸರಿ. ಆದರೆ ಕೊಡಚಾದ್ರಿಗೋ ಮುಳ್ಳಯ್ಯನಗಿರಿಗೋ ಹೊರಡುವ ಶಾಲಾ ತಂಡಗಳಲ್ಲಿ ಊಟೋಪಚಾರಕ್ಕೆ ಸಲ್ಲುವ ಲಕ್ಷ್ಯವು ಆಪತ್ಕಾಲದ ಸಿದ್ಧತೆಗೆ ಸಲ್ಲುವುದು ವಿರಳ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದ್ದರೂ ಅನೇಕ ವೇಳೆ ಅದು ಬೆಟ್ಟದ ಬುಡದಲ್ಲಿ, ಬಸ್ಸಿನೊಳಗೇ ಉಳಿಯುತ್ತದೆ. ಮಂಜು ಕವಿದು ಜೊತೆಗಾರರಿಂದ ಅಗಲಿದ ಬಾಲಕನಿಗೆ ಆ ಪೆಟ್ಟಿಗೆಯಿಂದ ಏನು ಪ್ರಯೋಜನ? ಆದುದರಿಂದ ಆಪತ್ಕಾಲದ ಬುತ್ತಿಯು ಪ್ರತಿಯೊಬ್ಬ ವಿದ್ಯಾರ್ಥಿಯ ಹೆಗಲಿನಲ್ಲಿಯೇ ಇರತಕ್ಕದ್ದು.

ಬೆಟ್ಟದ ಹವೆಯು ವಯಸ್ಕರನ್ನೂ ಬಿಡದು. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ ತಂಡವು ಹಿಮಗಾಳಿಗೆ ಸಿಲುಕಿ 9 ಮಂದಿ ಅಸುನೀಗಿದರು. ನಮ್ಮ ಘಟ್ಟಗಳಲ್ಲಿ ಹಿಮವಿಲ್ಲದಿದ್ದರೂ ತೊಯ್ದ ಬಟ್ಟೆ ಮತ್ತು ಬೀಸುಗಾಳಿ ಕೂಡಿದರೆ ದೇಹದ ಶಾಖವು ಬಹುಬೇಗ ಕುಂದುತ್ತದೆ.

ಬುತ್ತಿಗೆ ಬೇಕಾದುದು ಅಲ್ಪವೇ: ಒಂದು ಸೀಟಿ, ನೀರು, ಬೆಲ್ಲ ಮತ್ತು ಶೇಂಗಾ, ಟಾರ್ಚು, ಮಳೆಯಂಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಸ್ವೆಟರು, ಗಾಯಕ್ಕೆ ಶುಭ್ರವಾದ ಬಟ್ಟೆ, ಹೆಸರು ಹಾಗೂ ದೂರವಾಣಿ ಸಂಖ್ಯೆ ಬರೆದ ಚೀಟಿ. ಸಂಚಾರಿ ದೂರವಾಣಿಯಿಂದ 112ಕ್ಕೆ ಕರೆಮಾಡಬಹುದು, ನಿಜ. ಆದರೆ ಕಾಡಿನಲ್ಲಿ ಸಂಕೇತವೇ ಸಿಗದಿದ್ದಾಗ ಸೀಟಿಯೇ ಗತಿ.

ವಸ್ತುವಿಗಿಂತಲೂ ಅದರ ಅರಿವು ಮುಖ್ಯ. ಮೂರು ಬಾರಿ ಸೀಟಿ ಊದಿ, ತುಸು ತಡೆದು ಮತ್ತೆ ಮೂರು ಬಾರಿ ಊದುವುದು ಸಹಾಯದ ಕೂಗೆಂದು ಮಕ್ಕಳಿಗೆ ತಿಳಿದಿರಬೇಕು. ದಾರಿ ತಪ್ಪಿದವನು ಅಲೆಯದೆ ಇದ್ದಲ್ಲಿಯೇ ನಿಲ್ಲಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ ಶೀಘ್ರವಾಗಿ ಆಸ್ಪತ್ರೆಗೆ ಸಾಗಿಸಬೇಕು.

ಇದರಿಂದ ಮಕ್ಕಳು ಹೆದರುವರು, ಹೊರೆ ಹೆಚ್ಚುವುದು ಎಂಬ ಆಕ್ಷೇಪವುಂಟು. ತಿಳಿಯದವನಿಗೆ ಭಯ, ಅಭ್ಯಾಸವುಳ್ಳವನಿಗೆ ಧೈರ್ಯ. ಹೊರೆಯಾದರೋ ಎರಡು ಮೂರು ಕಿಲೋಗ್ರಾಂ ಮೀರದು.

ತನ್ನ ಗಂಟನ್ನು ತಾನೇ ಕಟ್ಟಿಕೊಳ್ಳುವುದು ಕಾಯಕ. ಅದರಲ್ಲಿನ ನೀರನ್ನು ಬಳಲಿದ ಗೆಳೆಯನೊಡನೆ ಹಂಚಿಕೊಳ್ಳುವುದು ದಾಸೋಹ. ಶ್ರೀಮಠದ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ಇದು ಹೊಸ ಪಾಠವೇನಲ್ಲ. ಪ್ರವಾಸಕ್ಕೆ ನೆರವಾಗುವ ದಾನಿಗಳು ಬಡ ವಿದ್ಯಾರ್ಥಿಗಳ ಬುತ್ತಿಗೂ ಕೈನೀಡಲಿ. ಗುರುಗಳು ಬಸ್ಸು ಹೊರಡುವ ಮುನ್ನ ಪ್ರತಿಯೊಂದು ಚೀಲವನ್ನೂ ಬಿಚ್ಚಿಸಿ ನೋಡಲಿ. ಬುತ್ತಿಯಿಲ್ಲದ ಒಂದು ಮಗುವಿದ್ದರೂ, ಅದು ಸಿದ್ಧವಾಗುವವರೆಗೆ ಬಸ್ಸು ನಿಲ್ಲಲಿ.