ಲೆಕ್ಕ ಮುಗಿದ ಮೇಲೆ ಗಣಿತ

ಗಣಿತದಲ್ಲಿ ನೂರಕ್ಕೆ ನೂರು ಅಂಕ ಗಳಿಸುತ್ತ ಬಂದ ಮಗನೋ ಮಗಳೋ ವಿಶ್ವವಿದ್ಯಾನಿಲಯದಲ್ಲಿ ಉನ್ನತ ರೇಖೀಯ ಬೀಜಗಣಿತದ ತರಗತಿಗೆ ಸೇರಿದ ಕೆಲವೇ ವಾರಗಳಲ್ಲಿ, ‘ಈ ವಿಷಯ ನನ್ನ ತಲೆಗೆ ಹತ್ತುವಂತಿಲ್ಲ’ ಎಂದು ಮುಖ ಸಪ್ಪಗೆ ಮಾಡಿಕೊಂಡು ಕೂರುವುದು ಅಪರೂಪದ ಸಂಗತಿಯಲ್ಲ. ಆಗ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ‘ಟ್ಯೂಷನ್ ಇಡಿಸೋಣ’ ಎನ್ನುತ್ತಾರೆ ತಂದೆ. ‘ಕಷ್ಟವಾದರೆ ಬೇರೆ ವಿಷಯ ತೆಗೆದುಕೊಳ್ಳಲಿ’ ಎನ್ನುತ್ತಾರೆ ತಾಯಿ. ಇವೆರಡಕ್ಕೂ ಮೊದಲು ತಿಳಿಯಬೇಕಾದ ಮಾತೊಂದಿದೆ: ಮಂದವಾದುದು ಮಕ್ಕಳ ಬುದ್ಧಿಯಲ್ಲ, ಬದಲಾದುದು ಅವರಿಗೆ ಕೇಳುವ ಪ್ರಶ್ನೆ.

ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಮಾತೃಕೆಗಳನ್ನು ಕೂಡುವುದು, ಗುಣಿಸುವುದು, ಅವುಗಳ ನಿರ್ಧಾರಕವನ್ನು ಕಂಡುಹಿಡಿಯುವುದು ಮೊದಲ ಹಂತದ ಪಾಠ. ಕೈ ಪಳಗಿದರೆ ಅಂಕಗಳು ತಾವಾಗಿ ಬರುತ್ತವೆ. ಮುಂದಿನ ಹಂತದಲ್ಲಿ ‘ಉತ್ತರ ಎಷ್ಟು?’ ಎಂಬ ಪ್ರಶ್ನೆ ಹಿಂದೆ ಸರಿದು, ‘ಏಕೆ ಹಾಗೆ? ಯಾವಾಗಲೂ ಹಾಗೆಯೇ?’ ಎಂಬ ಪ್ರಶ್ನೆ ಮುಂದೆ ನಿಲ್ಲುತ್ತದೆ.

ಇದನ್ನು ತಿಳಿಯಲು ಮನೆಯ ನಿಲುವುಗನ್ನಡಿಯೇ ಸಾಕು. ಅದರ ಮುಂದೆ ನಿಂತು ಮೇಲಕ್ಕೆ ಬೆರಳು ತೋರಿದರೆ ಬಿಂಬವೂ ಮೇಲಕ್ಕೇ ತೋರುತ್ತದೆ. ಪಕ್ಕದ ಕಿಟಕಿಯತ್ತ ತೋರಿದರೆ ಅದೂ ಆ ಕಡೆಗೇ ತೋರುತ್ತದೆ. ಕನ್ನಡಿಗೆ ನೇರವಾಗಿ ಬೆರಳು ಚಾಚಿದರೆ ಮಾತ್ರ ಬಿಂಬದ ಬೆರಳು ನಮ್ಮತ್ತ ತಿರುಗುತ್ತದೆ. ಹೀಗೆ ಪರಿವರ್ತನೆಯಲ್ಲಿ ತಮ್ಮ ರೇಖೆಯನ್ನು ಬಿಡದ ದಿಕ್ಕುಗಳಿಗೆ ಐಗನ್ ಸದಿಶಗಳೆಂದು ಹೆಸರು. ಇಂಥವು ಸಾಕಷ್ಟು ದೊರೆತರೆ ಆ ಪರಿವರ್ತನೆಯ ಗುಟ್ಟೆಲ್ಲ ಬಯಲಾದಂತೆಯೇ.

ಈಗ ಒಂದು ಇಸ್ಪೀಟು ಕಟ್ಟನ್ನು ಮೇಜಿನ ಮೇಲಿರಿಸಿ, ಮೇಲಿನ ಎಲೆಗಳು ಹೆಚ್ಚು, ಕೆಳಗಿನವು ಕಡಮೆ ಜರುಗುವಂತೆ ಪಕ್ಕಕ್ಕೆ ತಳ್ಳಿರಿ. ಎಲೆಯ ಮೇಲಿನ ಅಡ್ಡ ದಿಕ್ಕುಗಳು ಬದಲಾಗವು. ಆದರೆ ಎಲೆಗಳನ್ನು ದಾಟಿ ಮೇಲೇರುವ ಒಂದು ದಿಕ್ಕಾದರೂ ತನ್ನ ರೇಖೆಯಲ್ಲಿ ಉಳಿಯದು. ಸ್ಥಿರ ದಿಕ್ಕುಗಳಿಗೆ ಕೊರತೆ ಬಿದ್ದಾಗ ಗತಿಯೇನು? ಉನ್ನತ ತರಗತಿಯ ನಿಜವಾದ ಕೆಲಸ ಇಲ್ಲಿಂದ ಆರಂಭ. ಫ್ರಾನ್ಸಿನ ಕಾಮಿಲ್ ಜೋರ್ದಾನ್ 1870ರ ತಮ್ಮ ಗ್ರಂಥದಲ್ಲಿ ಕೊಟ್ಟ ರೂಪವು ಇಂಥ ಕೊರತೆಯನ್ನೂ ಕ್ರಮಬದ್ಧವಾಗಿ ವಿಂಗಡಿಸಿ ತೋರಿಸುತ್ತದೆ. ನಮ್ಮ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಸಂಖ್ಯಾಶಾಸ್ತ್ರದ ಅಗತ್ಯಕ್ಕಾಗಿ, ವಿಲೋಮವೇ ಇಲ್ಲದ ಮಾತೃಕೆಗಳಿಗೂ ವಿಲೋಮದ ಕಾರ್ಯ ನಿರ್ವಹಿಸುವ ಸಾಧನವನ್ನು ಬೆಳೆಸಿ, ಸುಜಿತ್ ಕುಮಾರ್ ಮಿತ್ರ ಅವರೊಡನೆ 1971ರಲ್ಲಿ ಅದರ ಮೇಲೆ ಗ್ರಂಥವನ್ನೇ ರಚಿಸಿದರು. ಇದೆಲ್ಲದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಇದೊಂದು ಉತ್ತರ.

ತಾಳೆ ನೋಡುವುದು ಬೇರೆ, ಸಾಧಿಸುವುದು ಬೇರೆ. ಪ್ರತಿಯೊಂದು ಚೌಕ ಮಾತೃಕೆಯೂ ತನ್ನದೇ ಲಾಕ್ಷಣಿಕ ಸಮೀಕರಣವನ್ನು ಪಾಲಿಸುತ್ತದೆಂದು ಇಂಗ್ಲೆಂಡಿನ ಆರ್ಥರ್ ಕೇಲಿ 1858ರಲ್ಲಿ ಸಾರಿದರು. ಎರಡು ಮತ್ತು ಮೂರು ಸಾಲುಗಳ ಮಾತೃಕೆಗಳಲ್ಲಿ ತಾಳೆ ನೋಡಿ, ಸಾರ್ವತ್ರಿಕ ಸಾಧನೆಯ ಶ್ರಮ ಅನಗತ್ಯವೆಂದು ಅಲ್ಲಿಗೇ ಬಿಟ್ಟರು. ಎಲ್ಲ ಅಳತೆಯ ಮಾತೃಕೆಗಳಿಗೂ ಅದನ್ನು ಸಾಧಿಸಿಕೊಟ್ಟವರು ಫ್ರೊಬೇನಿಯಸ್, 1878ರಲ್ಲಿ. ಅಂದು ಕೇಲಿಯವರು ಕೈಬಿಟ್ಟ ಶ್ರಮವನ್ನೇ ಇಂದು ಇಪ್ಪತ್ತರ ಹರೆಯದ ವಿದ್ಯಾರ್ಥಿ ಪರೀಕ್ಷೆಯ ಕೊಠಡಿಯಲ್ಲಿ ಹೊರಬೇಕಾಗಿದೆ!

ಈ ಶಾಸ್ತ್ರದ ಮೂಲಪುರುಷರ ಕಥೆಯೂ ಧೈರ್ಯ ತರುವಂಥದು. ಅಂದು ಪ್ರಷ್ಯಕ್ಕೆ ಸೇರಿದ್ದ, ಇಂದು ಪೋಲೆಂಡಿನಲ್ಲಿರುವ ಸ್ಟೆಟಿನ್ ನಗರದ ಉಪಾಧ್ಯಾಯ ಹರ್ಮನ್ ಗ್ರಾಸ್‌ಮನ್ 1844ರಲ್ಲಿ ಇದರ ತಿರುಳನ್ನು ಗ್ರಂಥರೂಪದಲ್ಲಿ ಹೊರತಂದರು. ಓದಿದವರು ವಿರಳ. 1862ರಲ್ಲಿ ಮತ್ತೆ ಬರೆದರೂ ಫಲ ಅಷ್ಟೇ. ಬಳಿಕ ಅವರು ಸಂಸ್ಕೃತದತ್ತ ತಿರುಗಿ ಋಗ್ವೇದಕ್ಕೊಂದು ನಿಘಂಟು ರಚಿಸಿ ವಿದ್ವಾಂಸರ ಮನ್ನಣೆ ಪಡೆದರು. ಸದಿಶಾವಕಾಶದ ನಿಯಮಗಳನ್ನು ಇಟಲಿಯ ಪೆಯಾನೊ ಸ್ಪಷ್ಟವಾಗಿ ನಿರೂಪಿಸಿದ್ದು 1888ರಲ್ಲಿ. ಪಂಡಿತಲೋಕಕ್ಕೇ 44 ವರ್ಷ ಹಿಡಿದ ವಿಚಾರ ಒಂದು ತಿಂಗಳಲ್ಲಿ ಕೈಗೆಟುಕಲಿಲ್ಲವೆಂದು ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ.

ಹಾಗಾದರೆ ದಾರಿ? ಹೊಸ ವ್ಯಾಖ್ಯೆ ಎದುರಾದೊಡನೆ ಅದಕ್ಕೆ ಹೊಂದುವ ಎರಡು ಉದಾಹರಣೆಗಳನ್ನೂ ಹೊಂದದ ಒಂದನ್ನೂ ವಿದ್ಯಾರ್ಥಿ ತಾನೇ ರಚಿಸಿಕೊಳ್ಳಲಿ. ಪ್ರಮೇಯವನ್ನು ಉರುಹೊಡೆಯದೆ, ಪುಸ್ತಕ ಮುಚ್ಚಿ ಸಾಧನೆಯನ್ನು ಬರೆಯಲಿ. ತಡೆದು ನಿಂತ ಸಾಲಿಗೆ ಗುರುತು ಹಾಕಿ ಮರುದಿನ ಅಧ್ಯಾಪಕರನ್ನು ಕೇಳಲಿ. ಎಲ್ಲಿ ತಿಳಿಯಲಿಲ್ಲವೆಂದು ಖಚಿತವಾಗಿ ಹೇಳಬಲ್ಲವನು ಅರ್ಧ ದಾರಿ ಸವೆಸಿದ್ದಾನೆ.

ತಾಯಿತಂದೆಗಳಿಗೂ ಒಂದು ಪಾತ್ರವಿದೆ. ಅದಕ್ಕೆ ಗಣಿತ ತಿಳಿದಿರಬೇಕಾಗಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ‘ಎಷ್ಟು ಅಂಕ ಬಂತು?’ ಎನ್ನುವ ಬದಲು ‘ಇಂದು ಯಾವುದಕ್ಕೆ ಕಾರಣ ತಿಳಿಯಿತು?’ ಎಂದು ಕೇಳಿರಿ. ನಿಮಗೆ ಅರ್ಥವಾಗುವಂತೆ ಹೇಳಲು ಹೊರಟ ಮಗುವಿಗೆ, ಹೇಳುತ್ತ ಹೇಳುತ್ತಲೇ ತನಗೂ ಅರ್ಥವಾಗತೊಡಗುತ್ತದೆ.