ದಾನದ ತೋಟ ಎಷ್ಟು ದಿನ?

ಟ್ರಾನ್ಸ್‌ಫಾರ್ಮರು, ಮೋಟಾರು ತಯಾರಿಸುತ್ತಿದ್ದ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆ 2002ರಲ್ಲಿ ಮುಚ್ಚಿತು. ಕಾರ್ಮಿಕರು ಬೀದಿಗೆ ಬಿದ್ದರು. ಆವರಣದ ಮರಗಳು ಬೆಳೆದುವು. ಅಲ್ಲಿ ವೃಕ್ಷೋದ್ಯಾನ ಮಾಡುವುದಾಗಿ ಸರ್ಕಾರ ಹೇಳಿದೆ. ಸಂತೋಷ. ಅದರಲ್ಲೊಂದು ಮೂಲೆ ಮಕ್ಕಳು ಗಿಡಮರ ಕಲಿಯುವ ತೋಟವಾಗಲಿ ಎನ್ನುತ್ತೇವೆ ನಾವು. ಹಲಸೂರು, ಕೆ.ಆರ್. ಪುರದ ಕೂಲಿಕಾರನ ಮಗು ಹೊಂಗೆ ಯಾವುದು, ಹೊನ್ನೆ ಯಾವುದು ಎಂದು ತಿಳಿಯಲು ಬಸ್ಸು ಹಿಡಿದು ಲಾಲ್‌ಬಾಗಿಗೇ ಹೋಗಬೇಕೆ?

"ಉದಾರಿಗಳು ಮುಂದೆ ಬರಲಿ, ಒಂದು ಸಂಘ ನೋಡಿಕೊಳ್ಳಲಿ" ಎನ್ನುವವರಿದ್ದಾರೆ. ಆ ಆಟ ಈ ಊರು ನೋಡಿದೆ. 1836ರಲ್ಲಿ ಮನ್ರೋ ಎಂಬ ಸೇನಾಧಿಕಾರಿ ತೋಟಗಾರಿಕೆ ಸಂಘ ಕಟ್ಟಿದ. ಕಮಿಷನರ್ ಕಬ್ಬನ್ ಲಾಲ್‌ಬಾಗನ್ನೇ ಅದರ ಕೈಗಿತ್ತ. 1842ಕ್ಕೆ ಸಂಘವೇ ಇಲ್ಲ! ದೊರೆಗಳ ಉತ್ಸಾಹಕ್ಕೆ ಅಷ್ಟೇ ಆಯುಸ್ಸು. 1856ರಲ್ಲಿ ಸರ್ಕಾರ ವಹಿಸಿಕೊಂಡು, ಮುಂದೆ ಕ್ಯೂ ತೋಟದ ವಿಲಿಯಂ ನ್ಯೂನನ್ನು ಸಂಬಳ ಕೊಟ್ಟು ಕರೆಸಿದ ಮೇಲೆ ಲಾಲ್‌ಬಾಗ್ ಚಿಗುರಿತು.

ಸಸಿ ಮಾರಿದ ಕಾಸು ಗೊಬ್ಬರಕ್ಕಾದೀತು, ಮಾಲಿಯ ಹೊಟ್ಟೆಗಾಗದು. ಬಾಗಿಲಲ್ಲಿ ಟಿಕೆಟ್ಟಿಟ್ಟರೆ ಬಡಮಕ್ಕಳೇ ಹೊರಗೆ. ಗುತ್ತಿಗೆದಾರನಿಗೆ ಕೊಟ್ಟರಂತೂ ಕೇಳುವುದೇ ಬೇಡ. ಲಾಭ ನೋಡದ ತೋಟಕ್ಕೆ ಖಾಯಂ ಮಾಲಿಗಳು ಬೇಕು, ಕನ್ನಡ, ತಮಿಳು, ಉರ್ದುವಿನಲ್ಲಿ ಗಿಡದ ಹೆಸರಿನ ಫಲಕ ಬೇಕು, ವರ್ಷವರ್ಷವೂ ಬಜೆಟ್ಟಿನಲ್ಲಿ ಹಣ ಬೇಕು. ಆ ಹಣ ಎಷ್ಟು, ಯಾವ ಬಾಬ್ತಿನಲ್ಲಿ ಎಂಬುದನ್ನು ಮಂತ್ರಿಗಳು ಶಂಕುಸ್ಥಾಪನೆಗೆ ಮುಂಚೆಯೇ ಹೇಳಲಿ.